ಕೊನೆಯ ಸಾಲಿನ ಹೆಸರು

ಎಂ.ಎ. ಇಂಗ್ಲಿಷ್ ಪ್ರವೇಶ ಪರೀಕ್ಷೆಗೆ ಎರಡನೆಯ ಸಲ ಕೂರುವ ಹೊತ್ತಿಗೆ ಎಲಿಜಿ ಅಂದರೆ ಶೋಕಗೀತೆ ಎಂದು ನನಗೆ ಗೊತ್ತಿತ್ತು, ಒಂದೂ ಎಲಿಜಿ ಓದಿರಲಿಲ್ಲ. ಸಾನೆಟ್ಟಿನಲ್ಲಿ ತಿರುವು ಎಲ್ಲಿ ಬರುತ್ತದೆಂದು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ, ಒಂದು ಸಾನೆಟ್ಟಿನ ಜೊತೆಗೂ ಆ ತಿರುವಿನ ತನಕ ನಡೆದು ಹೋಗಿರಲಿಲ್ಲ. ಇದರಲ್ಲಿ ನಾಚಿಕೆ ಏನು ಬಂತು? ಭಾಲ್ಕಿಯ ಕಾಲೇಜಿನಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ ಓದಿದವಳು ನಾನು. ಚಿಕ್ಕಂದಿನಿಂದ ಇಂಗ್ಲಿಷ್ ಪುಸ್ತಕಗಳ ನಡುವೆ ಬೆಳೆದ ಮಕ್ಕಳ ಜೊತೆ ಸೀಟಿಗೆ ಪೈಪೋಟಿ ಮಾಡಬೇಕು. ಅವರು ಓದಿದ್ದನ್ನೆಲ್ಲ ನಾನು ಒಂದು ಬೇಸಿಗೆಯಲ್ಲಿ ಓದಿ ಮುಗಿಸುವುದು ಸಾಧ್ಯವೇ? ಇಲ್ಲ. ಪದಗಳನ್ನು ಉರು ಹೊಡೆಯುವುದು ಸಾಧ್ಯವೇ? ಹೌದು. ಹಾಗಾದರೆ ಪದಗಳೇ ಸೈ. ಹೀಗಿತ್ತು ನನ್ನ ವಾದ, ಆಗ ಇದಕ್ಕೆ ಎದುರು ಹೇಳುವವರು ಯಾರೂ ಇರಲಿಲ್ಲ.

ಆ ಸೀಟು ನನಗೆ ಯಾಕೆ ಬೇಕಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಆ ವಿಶ್ವವಿದ್ಯಾಲಯದ ಒಂದು ಗಂಟೆಯ ತರಗತಿಯಲ್ಲಿ ಒಂದೇ ಒಂದು ಕವಿತೆ ಇಟ್ಟುಕೊಂಡು ಎಲ್ಲರೂ ಜಗಳ ಆಡುತ್ತಾರೆ ಎಂದು ಯಾರೋ ಹೇಳಿದ್ದರು. ಚರ್ಚಾಸ್ಪರ್ಧೆಗಳಲ್ಲಿ ನಾನು ಜಗಳ ಆಡಿದ್ದು ಬರೀ ಮೊಬೈಲಿನಿಂದ ಲಾಭವೋ ನಷ್ಟವೋ ಎಂಬಂಥ ವಿಷಯಗಳ ಮೇಲೆ. ಕವಿತೆಯ ಮೇಲೆ ಜಗಳ! ಹಸಿದವರು ಊಟದ ವಾಸನೆ ಹಿಡಿದಂತೆ ಆ ಮಾತು ಹಿಡಿದುಕೊಂಡಿದ್ದೆ.

ಔರಾದಿನಲ್ಲಿ ನಮ್ಮಪ್ಪನದು ಪೈಪು, ಮೋಟಾರು ಸಾಮಾನಿನ ಅಂಗಡಿ. ಮೊದಲ ಸಲ ಸೀಟು ತಪ್ಪಿದ ಮೇಲೆ ಮತ್ತೆ ಬೀದರಿನಲ್ಲಿ ರೂಮು ಹಿಡಿದು ಓದುತ್ತೇನೆಂದು ಕೇಳಲು ಅಂಗಡಿಗೇ ಹೋಗಿದ್ದೆ. ಗಿರಾಕಿ ಎದುರಿಗಿದ್ದರೆ ಬೈಯುವುದಿಲ್ಲ ಎಂಬ ಲೆಕ್ಕ.

"ಈ ಸಲಾನೂ ಆಗಲಿಲ್ಲಂದ್ರ?" ಅಂದರು ಅಪ್ಪ.

"ಆಗ್ತದರಿ."

"ಆಗಲಿಲ್ಲಂದ್ರ ಅಂತ ಕೇಳ್ದೆ. ಭಾಷಣ ಬ್ಯಾಡವ್ವಾ, ಉತ್ತರ ಹೇಳು."

"ಭಾಲ್ಕ್ಯಾಗ ಬಿ.ಎಡ್. ಮಾಡ್ತೇನಿ."

ಅಪ್ಪ ಮೋಟಾರಿನ ಬೆಲ್ಟು ಕೊಳ್ಳಲು ಬಂದ ಗಿರಾಕಿಯ ಕಡೆ ತಿರುಗಿದರು. "ಕೇಳಿದ್ರೇನ್ರಿ? ನಾಳಿ ಮಾತು ತಿರುಗಿಸ್ತಾಳ ಈಕಿ, ಅದ್ರಾಗ ಕಪ್ ಗೆದ್ದಾಳ. ನೀವು ಸಾಕ್ಷಿ."

"ಸಾಕ್ಷಿ ಆಗ್ತೇನಿ, ಬೆಲ್ಟಿನ ರೇಟ್ ಕಮ್ಮಿ ಮಾಡ್ರಿ," ಅಂದ ಗಿರಾಕಿ.

ಬಿ.ಎಡ್. ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಓಣಿಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಬಿ.ಎಡ್. ಮಾಡಿದವರ ಬಾಗಿಲಿಗೇ ಬೀಳುತ್ತದೆ, ಎಲ್ಲರೂ ಒಳ್ಳೆಯವರೇ. ಆದರೆ ನನಗೆ ಅದು ಬೇಕಿರಲಿಲ್ಲ. ಬೇಡದ್ದನ್ನು ನನ್ನ ಬಾಯಿಂದಲೇ ಹೇಳಿಸಿದ್ದರು.

ಬೀದರಿನ ಹಳೆಯ ಊರಿನಲ್ಲಿ, ಚೌಬಾರಾದ ಹತ್ತಿರದ ಓಣಿಯೊಂದರಲ್ಲಿ ಮಾಳಿಗೆಯ ಮೇಲಿನ ರೂಮು. ಜೊತೆಗೆ ಭಾಲ್ಕಿಯ ಗೆಳತಿ. ಕಾಲೇಜಿನಲ್ಲಿ ಮೂರು ವರ್ಷ ನಾವಿಬ್ಬರೂ ಚರ್ಚೆಯ ಜೋಡಿ, ಈಗ ಅದೇ ಪರೀಕ್ಷೆಗೆ ಅವಳೂ ಕೂರುವವಳು. ಅವಳ ಮನೆಮಾತು ಉರ್ದು. ಶಾಯರಿ ಓದುವ ಮುಶಾಯಿರಾ ಎಂದರೆ ಊಟ ಬಿಟ್ಟು ಓಡುವ ಅಜ್ಜನ ಮೊಮ್ಮಗಳು. ವೇದಿಕೆಯ ಮೇಲೆ ನಾನು ಪರ, ಅವಳು ವಿರೋಧ. ನಮಗೆ ಚರ್ಚೆ ಕಲಿಸಿದ ಮೇಷ್ಟ್ರು ಒಂದು ನಿಯಮ ಇಟ್ಟಿದ್ದರು: ಯಾವ ವಾದವನ್ನೇ ಆಗಲಿ ಹೊರಗೆ ಒಯ್ಯುವ ಮೊದಲು ಜೋಡಿಯವರು ಅದನ್ನು ಒಡೆಯಲು ನೋಡಬೇಕು, ಸುಳ್ಳುಸುಳ್ಳೇ ಅಲ್ಲ, ಪೂರಾ ಜೋರು ಹಾಕಿ. ಸೋತವರು ಗೆದ್ದವರ ಕೈ ಕುಲುಕಬೇಕು. "ಮನ್ಯಾಗ ಸೋತು ಹೋಗ್ರಿ, ಅಲ್ಲಿ ಸೋಲಬ್ಯಾಡ್ರಿ," ಅನ್ನುತ್ತಿದ್ದರು.

ಇಂಗ್ಲಿಷ್ ಪದಗಳನ್ನೂ ನಾವು ಹಾಗೇ ಕಲಿತೆವು. ಮಾಳಿಗೆಯ ಮೇಲೆ ಒಣಗಲು ಹಾಕಿದ ಬಟ್ಟೆಗಳ ನಡುವೆ ನಿಂತು ನಾನು "ಇದು ಐರನಿ" ಎಂದು ಮಂಡಿಸುವುದು, ಅವಳು "ಅಲ್ಲ, ಇದು ಸಟೈರ್" ಎಂದು ಖಂಡಿಸುವುದು. ವ್ಯಂಗ್ಯಕ್ಕೂ ವಿಡಂಬನೆಗೂ ಗಡಿ ಎಲ್ಲಿ ಎಂದು ಕೂಗಾಡುತ್ತಿರುವಾಗಲೇ ವಾಯುಪಡೆಯ ತರಬೇತಿ ವಿಮಾನ ತಲೆಯ ಮೇಲೆ ಹಾದು ಹೋಗುತ್ತಿತ್ತು. ಸದ್ದು ಅಡಗುವ ತನಕ ಇಬ್ಬರೂ ಬಾಯಿ ತೆರೆದುಕೊಂಡೇ ನಿಲ್ಲುತ್ತಿದ್ದೆವು. ಕೆಳಗಿನ ಮನೆಯ ಮಾಲಕಿ ಒಮ್ಮೆ ಮೆಟ್ಟಿಲು ಹತ್ತಿ ಬಂದು ಕೇಳಿದರು, "ಏನ್ರವ್ವಾ, ಯಾರದಾರೆ ಜಮೀನಿನ ಕೇಸೇನು?"

ಈ ಪದ್ಧತಿಯ ಫಲ ಏನಾಯಿತೆಂದರೆ, ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಿ ಅಂದರೆ ನಾನು ನಾಲ್ಕನ್ನೂ ಸಮರ್ಥಿಸಬಲ್ಲವಳಾದೆ. ಇದು ಶಕ್ತಿ ಅಂದುಕೊಂಡಿದ್ದೆ. ಅಭ್ಯಾಸದ ಪರೀಕ್ಷೆಗಳಲ್ಲಿ ಅಂಕ ಏರಲಿಲ್ಲ. ಏರುವುದಿರಲಿ, ಇಳಿಯತೊಡಗಿತು. ಬೇಸಿಗೆ ಮುಗಿಯುತ್ತ ಬಂದ ಹಾಗೆ ತಲೆಯಲ್ಲಿ ಪದಗಳು ನಿಲ್ಲುವುದನ್ನೇ ಬಿಟ್ಟವು. ಔರಾದಿಗೆ ಹೋಗುವ ಬಸ್ಸಿನಲ್ಲಿ, ಜನವಾಡದ ಹತ್ತಿರ ಬಾಯಲ್ಲಿದ್ದ ಪದ ಮನೆ ಮುಟ್ಟುವಷ್ಟರಲ್ಲಿ ಇರುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ ಏನಾದರೂ ಕೇಳಿದರೆ ನಾನು ಇಂಗ್ಲಿಷಿನಲ್ಲಿ ಒಂದು ವ್ಯಾಖ್ಯೆ ಒದರಿ, ಅದು ತಪ್ಪೆಂದು ನನಗೇ ಗೊತ್ತಾಗಿ, ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅಳುತ್ತಿದ್ದೆ. ದೇವರನ್ನು ನಂಬುವವರಿಗೆ ಇಂಥ ಹೊತ್ತಿನಲ್ಲಿ ಹರಕೆ ಹೊರುವ ಸೌಲಭ್ಯ ಇದೆ. ನನಗೆ ಅದೂ ಇರಲಿಲ್ಲ.

ನಂಬಿಕೆ ಇಲ್ಲದಿದ್ದರೂ ವಚನ ಬರುತ್ತಿದ್ದವು. ಬಂದೇ ಬರುತ್ತವೆ, ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ವಚನ ಹೇಳುವ ರೂಢಿ. ಮಕ್ಕಳು ಬೇಸರಪಟ್ಟು ಏಳಬಾರದೆಂದು ಅಪ್ಪ ಅದನ್ನು ಆಟ ಮಾಡಿದ್ದರು: ಅವರು ವಚನ ಹೇಳುವುದು, ಯಾವ ಶರಣರದ್ದೆಂದು ನಾವು ಹೇಳುವುದು. ಮೊದಲು ಹೇಳಿದವರಿಗೆ ಕೊಬ್ಬರಿ ಸಕ್ಕರೆ. ಯಾವಾಗಲೂ ನಾನೇ ಗೆಲ್ಲುತ್ತಿದ್ದೆ. ಪ್ರತಿಯೊಬ್ಬ ಶರಣರೂ ವಚನದ ಕೊನೆಗೆ ತಮ್ಮ ಇಷ್ಟದ ದೇವರ ಹೆಸರನ್ನು ಅಂಕಿತ ಮಾಡುತ್ತಾರೆ, ಅದು ಒಬ್ಬರದ್ದಿದ್ದಂತೆ ಒಬ್ಬರದ್ದಿಲ್ಲ. ಹಾಗಾಗಿ ಮೊದಲಿನ ಸಾಲುಗಳನ್ನು ಕೇಳುವ ಜರೂರೇ ಇಲ್ಲ. ಕೊನೆಯ ಸಾಲಿಗೆ ಕಿವಿ ನೆಟ್ಟು ಕೂತರಾಯಿತು. ತಮ್ಮ ಪಾಪ ಪೂರಾ ವಚನ ಕೇಳಿ, ಅರ್ಥ ಯೋಚಿಸಿ, ಸೋಲುತ್ತಿದ್ದ.

ಬೀದರಿನ ಹೊರಗೆ, ಕೊಳಾರದ ಕೈಗಾರಿಕಾ ಪ್ರದೇಶದ ಕಡೆ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಪರೀಕ್ಷೆ. ಹೊರಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಒಳಗೆ ನಾವು. ಅರ್ಧ ದಾಟಿದ ಮೇಲೆ ಪರದೆಯ ಮೇಲೆ ಒಂದು ಕವಿತೆ ಬಂತು. ಮೊದಲೆಂದೂ ನೋಡಿರದ್ದು, ಬರೆದವರ ಹೆಸರು ಕೊಟ್ಟಿರಲಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ ಒಂದು ಹೆಂಗಸಿನ ಹೆಸರು. ಆ ಹೆಸರು ಅಲ್ಲಿ ಯಾಕೆ ಬಂದಿದೆ ಎಂಬುದೇ ಪ್ರಶ್ನೆ. ಕೊಟ್ಟ ಉತ್ತರಗಳಲ್ಲಿ ಒಂದು: ಕವಿ ತನ್ನ ಹೆಸರನ್ನು ಸಹಿಯಂತೆ ಸೇರಿಸಿದ್ದಾಳೆ. ಇನ್ನೊಂದು: ಅಪಾಸ್ಟ್ರಫಿ. ಅಕ್ಷರದ ತಲೆಯ ಮೇಲಿಡುವ ಚಿಹ್ನೆಯಲ್ಲ, ಕಾವ್ಯದ ಪದ. ಎದುರಿಗೆ ಇಲ್ಲದವರನ್ನು ಇದ್ದಾರೆಂಬಂತೆ ಕರೆದು ಮಾತಾಡುವುದು. ವ್ಯಾಖ್ಯೆ ನನಗೆ ಬಾಯಿಪಾಠವಿತ್ತು. ಆದರೂ ನನ್ನ ಕೈ ಸಹಿಯ ಮೇಲೆ ಹೋಯಿತು, ಯೋಚಿಸಲೂ ಇಲ್ಲ. ಕೊನೆಯ ಸಾಲಿನಲ್ಲಿ ಹೆಸರು ಬಂದರೆ ಅದು ಯಾರದ್ದೆಂದು ಔರಾದಿನ ಮಗುವಿಗೂ ಗೊತ್ತು! ಇಡೀ ಪರೀಕ್ಷೆಯಲ್ಲಿ ಧೈರ್ಯದಿಂದ ಒತ್ತಿದ್ದು ಅದೊಂದನ್ನೇ.

ಹೊರಗೆ ಬಂದು ಕೇಳಿದರೆ ಗೆಳತಿಯೂ ಅದನ್ನೇ ಒತ್ತಿದ್ದಳು. "ಅರೇ, ಮಕ್ತಾ ಅಲ್ಲೇನದು? ಗಜಲಿನ ಕೊನೀ ಶೇರ್‌ನಾಗ ಶಾಯರ್ ತನ್ನ ಹೆಸರು ಇಡ್ತಾನ. ನಮ್ಮಜ್ಜನ್ನ ಕೇಳಿದ್ರ ನಿದ್ದ್ಯಾಗ ಹೇಳ್ತಾರ."

ಕೆಲವು ದಿನಗಳ ಮೇಲೆ ಸರಿಯುತ್ತರಗಳ ಪಟ್ಟಿ ಬಂತು. ಸರಿಯುತ್ತರ ಅಪಾಸ್ಟ್ರಫಿ.

ನಾನು ಲೆಕ್ಕ ಹಾಕಿದೆ. ಮತ್ತೆ ಹಾಕಿದೆ. ಹಿಂದಿನ ವರ್ಷ ಕೊನೆಯ ಸೀಟು ಸಿಕ್ಕ ಅಂಕಕ್ಕೂ ನನ್ನ ಅಂಕಕ್ಕೂ ನಡುವೆ ಒಂದೇ ಪ್ರಶ್ನೆ ಇತ್ತು. ಗೆಳತಿಯದೂ ಅದೇ ಸ್ಥಿತಿ. ಈ ಒಂದು ಪ್ರಶ್ನೆ ನಮ್ಮ ಕಡೆ ಬಿದ್ದರೆ ಸೀಟಿನ ಆಸೆ ಇದೆ, ಬೀಳದಿದ್ದರೆ ಇಲ್ಲ. ಪಟ್ಟಿ ತಪ್ಪಿದೆ ಅನ್ನಿಸಿದರೆ ಆಕ್ಷೇಪ ಸಲ್ಲಿಸಬಹುದು, ಕಾರಣ ಸಮೇತ. ಮರುದಿನ ಸಂಜೆಯವರೆಗೆ ಅವಕಾಶ.

ಕಾರಣ ಸಮೇತ! ಆ ಎರಡು ಪದ ಓದಿದಾಗ ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನಗೆ ಹಸಿವಾಯಿತು. ಚುರುಮುರಿಯ ಸುಸಲಾ ತರಿಸಿಕೊಂಡು ತಿಂದು ಬರೆಯಲು ಕೂತೆ. ನಮ್ಮ ನೆಲದಲ್ಲಿ ಶತಮಾನಗಳಿಂದ ಕವಿತೆಯ ಕೊನೆಯ ಹೆಸರು ಎಂದರೆ ಸಹಿ. ವಚನ ಸಾಕ್ಷಿ, ಗಜಲ್ ಸಾಕ್ಷಿ. ಕವಿಯ ಹೆಸರನ್ನು ಮುಚ್ಚಿಟ್ಟು, ಕವಿತೆಯೊಳಗೆ ಹೆಸರೊಂದನ್ನು ಬಿಟ್ಟು, ಅದು ಸಹಿಯಲ್ಲ ಎಂದು ತಿಳಿಯಿರಿ ಅನ್ನುವುದು ಯಾವ ನ್ಯಾಯ? ಒಂದೇ ಲೋಕದ ರೂಢಿಯಿಂದ ಎಲ್ಲರನ್ನೂ ಅಳೆಯುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಬರೆದದ್ದಿಲ್ಲ. ಫೋನಿನಲ್ಲಿ ಓದಿ ಹೇಳಿದರೆ ಅಪ್ಪ ಗಿರಾಕಿಗಳನ್ನು ಬಿಟ್ಟು ಎದ್ದೇ ನಿಂತರು, ಸ್ಟೂಲು ಸರಿದ ಸದ್ದು ಕೇಳಿಸಿತು.

"ಬರೀ! ನಮ್ಮ ಶರಣರ ಪದ್ಧತಿ ಗೊತ್ತಿಲ್ಲೇನು ಅವ್ರಿಗಿ? ಖಡಕ್ಕಾಗಿ ಬರೀ. ಇನ್ನೊಂದು ನಾಲ್ಕು ವಚನ ಹೇಳ್ಲೇನು?"

ನನ್ನ ಬಿ.ಎಡ್. ಮಾತಿಗೆ ಸಾಕ್ಷಿ ಹಿಡಿದಿದ್ದ ಮನುಷ್ಯ ಈಗ ನನ್ನ ಪರ ನಿಂತಿದ್ದರು. ಸೀಟು ಸಿಕ್ಕೇಬಿಟ್ಟಿತು ಅನ್ನಿಸಿತು.

ಮರುದಿನ ಮಧ್ಯಾಹ್ನ ಸಲ್ಲಿಸುವ ಗುಂಡಿ ಒತ್ತಲು ಹೋದಾಗ ಗೆಳತಿ ನನ್ನ ಮಣಿಕಟ್ಟು ಹಿಡಿದಳು.

"ತಡಿ. ವಿರೋಧ ಆಗಿಲ್ಲ."

"ಇದಕ್ಕ್ಯಾಕ ವಿರೋಧ? ನೀನೂ ಅದನ್ನೇ ಒತ್ತೀದಿ, ಹುಚ್ಚಿ. ಗೆದ್ರ ಇಬ್ರೂ ಗೆಲ್ತೇವಿ."

"ಅದಕ್ಕೇ ಬೇಕು. ಮನ್ಯಾಗ ಸೋತು ಹೋಗು ಅಂದಿದ್ರಲ್ಲ ಮಾಸ್ತರ್ರು? ಪರ ನಿಂದು, ವಿರೋಧ ನಂದು. ಮಂಡಿಸು."

ಮಂಡಿಸಿದೆ. ಬಿಸಿಲಿಗೆ ಕಾದ ರೂಮಿನಲ್ಲಿ ಎದ್ದು ನಿಂತು, ವೇದಿಕೆಯ ಮೇಲಿನಂತೆ ಕೈ ಮಾಡಿ ಮಂಡಿಸಿದೆ. ಅವಳು ಗೋಡೆಗೆ ಒರಗಿ ಕೇಳಿದಳು.

"ಅಂಕಿತ ಅಂದಿ. ಯಾರ ಹೆಸರದು? ಬರದವರದಾ?"

"ದೇವರದ್ದು. ಆದರ ಅದ್ರಿಂದ ಬರದವರು ಯಾರಂತ ಗೊತ್ತಾಗ್ತದ."

"ನಿನಗ ಗೊತ್ತಾಗ್ತದ. ಬರದವರು ಅದನ್ನ ಯಾಕ ಹೇಳ್ಯಾರ? ನಿನಗ ಕೊಬ್ಬರಿ ಸಕ್ರಿ ಸಿಗಲಿ ಅಂತನಾ? ದೇವ್ರಿಗಿ ಕರೀಲತ್ತಾರ, ಅಲ್ಲ? ಎದುರಿಗಿ ಕಾಣಲಾರದವಗ. ಹಂಗಾದ್ರ ನಿನ್ನ ಸಾಕ್ಷಿ ನನ್ನ ಕಡಿ ಬಂತು."

ನಾನು ಬಾಯಿ ತೆರೆದೆ. ವಿಮಾನ ಬಂದಿದ್ದರೆ ಉಪಕಾರವಾಗುತ್ತಿತ್ತು, ಬರಲಿಲ್ಲ. "ಗಜಲ್?" ಅಂದೆ.

"ಅದು ನಮ್ಮನಿ ಮಾತು, ಅದ್ರಾಗ ನನ್ನ ಸೋಲಿಸ್ಲಾಕ ಆಗಲ್ಲ ನಿನಗ. ಶಾಯರ್ ತನಗ ತಾನೇ ಕರಕೊಂತಾನ. ಬ್ಯಾರೆ ಯಾರೂ ಕರಿಯವ್ರಿಲ್ಲ ಅವಗ. ಇರಲಿ, ಅದು ಬಿಡು. ಆ ಕವಿತಾದಾಗ ಏನದ? ಹೇಳು."

"ಕೊನೀಗಿ ಒಂದು ಹೆಸರು."

"ಅದಕ್ಕಿಂತ ಮೊದಲ?"

ಆ ಸಾಲುಗಳನ್ನು ನಾನು ಓದಿಯೇ ಇರಲಿಲ್ಲ. ಅವಳೂ ಓದಿರಲಿಲ್ಲ, ಅದು ಅವಳ ಮುಖದಲ್ಲೇ ಕಂಡಿತು. ವಿರೋಧಿಸಲು ಕೇಳಿದ ಪ್ರಶ್ನೆ ಅವಳಿಗೂ ತಾಗಿತ್ತು. ನನ್ನ ಉತ್ತರಗಳ ಪುಟದಲ್ಲಿ ಪ್ರಶ್ನೆಯ ಜೊತೆ ಕವಿತೆಯೂ ಇತ್ತು. ಅವಳು ಮೊಬೈಲು ಹತ್ತಿರ ತೆಗೆದುಕೊಂಡು ಮೊದಲ ಸಾಲಿನಿಂದ ಜೋರಾಗಿ ಓದತೊಡಗಿದಳು. ತನ್ನ ಭಾಲ್ಕಿಯ ಇಂಗ್ಲಿಷಿನಲ್ಲಿ, ನಿಧಾನವಾಗಿ, ತಡವರಿಸಿ, ಗೊತ್ತಿಲ್ಲದ ಪದ ಬಂದಾಗ ನಿಂತು. ನಾನು ಅರ್ಥ ಹುಡುಕಿ ಕೊಟ್ಟೆ. ಚಳಿ ಸೀಮೆಯ ಒಂದು ಮನೆ. ಬಾಗಿಲ ಹಿಂದೆ ಗೂಟಕ್ಕೆ ತೂಗಿರುವ ಕೋಟು, ಅದರ ತೋಳಿನ ಮಡಿಕೆಯಲ್ಲಿ ಧೂಳು. ಯಾರೋ ಚಹಾಕ್ಕೆ ಇಬ್ಬರಿಗಾಗುವಷ್ಟು ನೀರು ಇಡುತ್ತಾರೆ, ಕುದಿಯುವಾಗ ಅರ್ಧ ಚೆಲ್ಲುತ್ತಾರೆ. ಮರುದಿನವೂ ಇಬ್ಬರಿಗಾಗುವಷ್ಟೇ ಇಡುತ್ತಾರೆ. ಹಾದಿಯ ಮೇಲೆ ಮಂಜು ಬಿದ್ದಿದೆ, ಬಂದು ಹೋದ ಹೆಜ್ಜೆ ಒಂದೂ ಇಲ್ಲ. ಆಮೇಲೆ ಕೊನೆಯ ಸಾಲು, ಅದರಲ್ಲಿ ಆ ಹೆಸರು.

ಅವಳು ಹೆಸರು ಓದಿದಾಗ ಆ ದನಿ ಓದಿದಂತೆ ಇರಲಿಲ್ಲ. ಹಿತ್ತಲಲ್ಲಿ ಇರುವವರನ್ನು ಕರೆದಂತೆ ಇತ್ತು.

"ಲೇ," ಅಂದಳು, "ಇದ್ರಾಗ ಒಬ್ಬಾಕಿ ಸತ್ತಾಳ. ನಾವು ಸಹಿ ಹುಡುಕ್ಲತ್ತೀವಿ."

ಇದರ ಮೇಲೂ ನಾನು ವಾದ ಮಾಡಬಲ್ಲವಳಾಗಿದ್ದೆ, ನಂಬಿ. ಸತ್ತವಳೇ ಬರೆದಿರಬಹುದು ಅನ್ನಬಹುದಿತ್ತು. ಪ್ರಶ್ನೆ ಅಸ್ಪಷ್ಟ ಅನ್ನಬಹುದಿತ್ತು. ಅಂದದ್ದು ಮಾತ್ರ ಇಷ್ಟು: "ಏನೇ ಇರಲಿ, ಹಾಕಿ ನೋಡೂಣು. ಹತ್ತಿದ್ರ ಹತ್ತಿತು. ಯಾರಿಗೇನು ಹಾನಿ ಅದ? ನಾ ಭಾಲ್ಕಿಗಿ ಹೋಗಿ ಪಾಠ ಯೋಜನಾ ಬರೀಬೇಕೇನು ಇನ್ನ?" ದನಿ ಎಲ್ಲಿಂದ ಎಲ್ಲಿಗೋ ಏರಿತ್ತು. ಕೆಳಗೆ ಮಾಲಕಿ ಬಾಗಿಲು ತೆರೆದ ಸದ್ದಾಯಿತು.

"ಹಾಕು," ಅಂದಳು ಅವಳು, ಮೊಬೈಲು ನನಗೆ ತಿರುಗಿ ಕೊಟ್ಟು. "ಗುಂಡಿ ನಿನ್ನ ಕೈಯಾಗೇ ಅದ. ನಾ ಹಿಡ್ಕೊಂಡಿಲ್ಲ ಈಗ."

ಮೊಬೈಲು ನನ್ನ ಕೈಯಲ್ಲಿತ್ತು. ನಾನು ಬರೆದ ಆಕ್ಷೇಪ ಪರದೆಯ ಮೇಲೆ ಇತ್ತು. ಓದಿದೆ. ಎಷ್ಟು ಚೆನ್ನಾಗಿತ್ತು! ಅದರಲ್ಲಿ ವಚನ ಇತ್ತು, ಗಜಲ್ ಇತ್ತು, ನ್ಯಾಯ ಇತ್ತು. ಕೋಟು ಇರಲಿಲ್ಲ. ಚೆಲ್ಲಿದ ನೀರು ಇರಲಿಲ್ಲ. ಒಂದು ಗಂಟೆ ಒಂದೇ ಕವಿತೆಯ ಮೇಲೆ ಜಗಳ ಆಡುವ ಸೀಟಿಗಾಗಿ, ಒಂದು ಕವಿತೆಯನ್ನೂ ಓದಿರದವಳು ಬರೆದದ್ದು ಅದು. ಗೆದ್ದರೆ ಆ ಸೀಟಿನಲ್ಲಿ ಕೂತು ನಾನು ಏನು ಹೇಳಲಿ? ನನ್ನ ಎದುರಾಳಿ ನಾನೇ ಆಗಿದ್ದರೆ ಕೇಳುತ್ತಿದ್ದ ಮೊದಲ ಪ್ರಶ್ನೆ ಅದೇ.

ಅಳಿಸಿದೆ. ಸಮಾಧಾನ, ಹೆಮ್ಮೆ, ಅಂಥದ್ದೇನೂ ಬರಲಿಲ್ಲ. ಅಂಥದ್ದು ಬರುವವರಿದ್ದರೆ ಅವರು ಬೇರೆ ಜಾತಿಯ ಮನುಷ್ಯರು.

ಅವಳು ಕೈ ಚಾಚಿದಳು, ನಿಯಮದ ಪ್ರಕಾರ. ಅವಳ ಸೀಟೂ ಹೋಗಿತ್ತು, ತಾನೇ ಒಡೆದುಕೊಂಡದ್ದು. ಸಿಟ್ಟಿಗೆ ನಾನು ಮುಖ ತಿರುಗಿಸಿ ಕೂತೆ. ಅವಳು ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ಕುಲುಕಿದೆ. ಇಬ್ಬರ ಕೈಯೂ ಬೆವತಿತ್ತು.

"ಗಡುವು ಮುಗಿದ ಮ್ಯಾಲ ಈ ಪುಟ ತೆಗೀತಾರಂತ," ಅಂದಳು. "ಕವಿತಾನೂ ಹೋಗ್ತದ."

"ಇನ್ನೊಂದ್ಸಲ ಓದು ಹಂಗಾದ್ರ."

ಓದಿದಳು. ಆಮೇಲೆ ನಾನು ಓದಿದೆ. ಕುದಿಯುವಾಗ ನೆನಪಾಗುವುದೋ, ಚೆಲ್ಲುವಾಗ ನೆನಪಾಗುವುದೋ ಎಂದು ಜಗಳ ಶುರುವಾಯಿತು. ಮರುದಿನ ಮತ್ತೆ ಇಬ್ಬರಿಗೆ ಇಡುವುದು ಮರೆವಿನಿಂದ ಅಲ್ಲ, ಬೇಕಂತಲೇ ಇಡುತ್ತಾರೆ ಎಂದು ಅವಳು. ಹಾಗಾದರೆ ಚೆಲ್ಲುವುದು ಯಾಕೆ ಎಂದು ನಾನು. ಯಾವ ಇಂಗ್ಲಿಷ್ ಪದವೂ ನಡುವೆ ಬರಲಿಲ್ಲ. ಬಿಸಿಲು ಹೊಸ್ತಿಲಿನಿಂದ ನೆಲಕ್ಕೆ ಬಂತು, ನೆಲದಿಂದ ಗೋಡೆಗೆ ಏರಿತು. ಮತ್ತೆ ಕೊನೆಯ ಸಾಲಿಗೆ ಬಂದು ಪುಟ ಸರಿಸುವಾಗ ಪರದೆ ಬಿಳಿಯಾಯಿತು. ಮತ್ತೆ ತೆರೆದರೆ ಅವಧಿ ಮುಗಿದಿದೆ ಎಂಬ ಒಂದು ಸಾಲು, ಅಷ್ಟೇ.

ಅಪ್ಪನ ಫೋನು ಬಂತು.

"ಹಾಕಿದಿ? ಏನಂದ್ರು?"

"ಕೇಸು ಸೋತೀನರಿ, ಅಪ್ಪಾ."

"ಇಷ್ಟ್ ಲಗು ಉತ್ರ ಬಂತೇನು?"

"ಬಂತರಿ."

"ಏನಂತ?"

"ಒಬ್ಬಾಕಿ ಸತ್ತಾಳ ಅಂತ."

"ಯಾರು? ಯಾರವ್ವಾ? ಯಾರ ಮನ್ಯಾಗ?" ಅಪ್ಪ ಗಾಬರಿಯಾದರು. ಹಿಂದೆ ಕೇಳುತ್ತಿದ್ದ ಗಿರಾಕಿಗಳ ಮಾತೂ ನಿಂತುಹೋಯಿತು.

ನಾನು ಆ ಹೆಸರು ಹೇಳಿದೆ. ಅಪ್ಪ ಕೇಳಿರದ ಹೆಸರು ಅದು, ಬಾಯಿಗೆ ಒಗ್ಗದ ಹೆಸರು. ಆದರೂ ಒಮ್ಮೆ ತಿರುಗಿ ಅಂದರು, ನೆಟ್ಟಗೆ ಬರುತ್ತದೋ ಇಲ್ಲವೋ ನೋಡುವವರಂತೆ. ಆಮೇಲೆ "ನಾಳಿ ಬಾ," ಅಂದರು. "ಬಿ.ಎಡ್. ಅರ್ಜಿಗಿ ಇನ್ನಾ ವ್ಯಾಳ್ಯಾ ಅದ."